ಹಾಡು ಅದೇ, ಇಸವಿ ಯಾವುದು?

ಬಿಲ್ ಮನ್ರೋ ಅವರ ಜೀವಮಾನದ ಹಾಡುಗಳು ಎಂದು ಮುಖಪುಟದಲ್ಲೇ ಅಚ್ಚಾಗಿದ್ದ ಸಂಕಲನ ಅದು. ಹಿಂಬದಿಯಲ್ಲಿ ಹಾಡುಗಳ ಹೆಸರಿತ್ತು, ಇಸವಿ ಇರಲಿಲ್ಲ. ‘ಎಲ್ಲಾ ಮೂಲ ಮುದ್ರಣಗಳೇ’ ಎಂದು ನ್ಯಾಶ್‌ವಿಲ್‌ನ ಅಂಗಡಿಯವನು ಖಂಡಿತವಾಗಿ ಹೇಳಿದ್ದರಿಂದ ಈ ಲೇಖಕ ದುಡ್ಡು ಕೊಟ್ಟ.

ಬೇಕಿದ್ದದ್ದು 1946ರ ‘ಬ್ಲೂ ಮೂನ್ ಆಫ್ ಕೆಂಟಕಿ’. ಲೆಸ್ಟರ್ ಫ್ಲ್ಯಾಟ್ ಗಿಟಾರ್, ಅರ್ಲ್ ಸ್ಕ್ರಗ್ಸ್ ಬ್ಯಾಂಜೊ, ಚಬ್ಬಿ ವೈಸ್ ಪಿಟೀಲು, ಮನ್ರೋ ಮ್ಯಾಂಡೊಲಿನ್. ಬ್ಲೂಗ್ರಾಸ್ ಎಂಬ ಅಮೆರಿಕನ್ ಸಂಗೀತ ಪ್ರಕಾರಕ್ಕೆ ರೂಪ ಕೊಟ್ಟ ತಂಡ ಅದು. ಆ ಮುದ್ರಣ ಮೊದಲಿನಿಂದ ಕೊನೆಯವರೆಗೂ ಮೂರೆಣಿಕೆಯ ವಾಲ್ಟ್ಸ್.

ರಾತ್ರಿ ಸಿ.ಡಿ. ಹಾಕಿದಾಗ ನಿಧಾನದ ವಾಲ್ಟ್ಸೇ ಶುರುವಾಯಿತು. ಕಂಠವೂ ಅದೇ, ಎದೆ ಸೀಳುವ ಆ ತಾರಸ್ವರವೂ ಅದೇ. ಖುಷಿಯಿಂದ ಕಣ್ಣು ಮುಚ್ಚಿ ಕೂತಿರುವಾಗಲೇ ಗತಿ ಮುರಿಯಿತು. ನಾಲ್ಕೆಣಿಕೆ, ನಾಗಾಲೋಟ! ತಿರುಗಿಸಿ ಹಾಕಿದರೂ ಅಲ್ಲೇ ಮುರಿಯಿತು. ಅದು 1954ರ ಮುದ್ರಣ. ಆ ವರ್ಷದ ಜುಲೈನಲ್ಲಿ ಎಲ್ವಿಸ್ ಪ್ರೀಸ್ಲಿ ಈ ಹಾಡಿಗೆ ವೇಗ ಕೊಟ್ಟು ಹಾಡಿದ್ದ. ಅದಾದ ಮೇಲೆ ಮನ್ರೋ ಡೆಕ್ಕಾ ಕಂಪನಿಗಾಗಿ ಮತ್ತೊಮ್ಮೆ ಹಾಡಿದ್ದರು.

ಅದೂ ಸೊಗಸಾದದ್ದೇ. ಆದರೆ ಹೇಳಿ ಕೊಟ್ಟದ್ದು ಅದಲ್ಲ. ಮರುದಿನ ಹೋಗಿ ಕೇಳಿದರೆ ಅಂಗಡಿಯವನು, ‘ಹಾಡು ಅದೇ ತಾನೇ?’ ಎಂದ. ತೆರೆದ ಪ್ಯಾಕೆಟ್ ವಾಪಸ್ ಇಲ್ಲವಂತೆ. ಸಂಗೀತ ಮಾರುವವನ ಬಾಯಿಂದ ಬಂದ ಆ ಮಾತಿಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಈ ಗೊಂದಲದ ಬೇರು ಕಂಪನಿ ಬದಲಾವಣೆಯಲ್ಲಿದೆ. ಕಲಾವಿದರು ಹೊಸ ಕಂಪನಿ ಸೇರಿದರೂ ಹಳೆಯ ಮುದ್ರಣ ಹಳೆಯ ಕಂಪನಿಯಲ್ಲೇ ಉಳಿಯುತ್ತಿತ್ತು; ಹಾಗಾಗಿ ಅದೇ ಹಾಡನ್ನು ಹೊಸ ಕಂಪನಿಗೆ ಮತ್ತೆ ಮುದ್ರಿಸುವುದಿತ್ತು. ಮನ್ರೋ 1950ರಲ್ಲಿ ಕೊಲಂಬಿಯಾ ಬಿಟ್ಟು ಡೆಕ್ಕಾಗೆ ಮುದ್ರಿಸತೊಡಗಿದರು. ಫ್ಲ್ಯಾಟ್ ಮತ್ತು ಸ್ಕ್ರಗ್ಸ್ ‘ಫಾಗಿ ಮೌಂಟನ್ ಬ್ರೇಕ್‌ಡೌನ್’ ಅನ್ನು 1949ರಲ್ಲಿ ಮರ್ಕ್ಯುರಿಗೆ ನುಡಿಸಿ, ಮುಂದೆ ಕೊಲಂಬಿಯಾಗೂ ನುಡಿಸಿದರು. 1967ರ ‘ಬಾನಿ ಅಂಡ್ ಕ್ಲೈಡ್’ ಚಿತ್ರದಲ್ಲಿರುವುದು ಮರ್ಕ್ಯುರಿಯದ್ದು. ಆ ಮುದ್ರಣದಲ್ಲಿ ಸ್ಕ್ರಗ್ಸ್ ಬ್ಯಾಂಜೊ ಇ ಮೈನರ್‌ಗೆ ಇಳಿದಾಗ ಫ್ಲ್ಯಾಟ್ ಗಿಟಾರ್‌ನಲ್ಲಿ ಇ ಮೇಜರ್ ಮೀಟುತ್ತಾರೆ. ಆ ತಿಕ್ಕಾಟ ಕಿವಿಗೆ ಸಿಗುತ್ತದೆ.

ಆದ್ದರಿಂದ ಮುದ್ರಣದ ದಿನಾಂಕ, ವಾದ್ಯಗಾರರ ಹೆಸರು, ಮೊದಲು ಹೊರತಂದ ಕಂಪನಿ ಇವಿಷ್ಟು ಅಚ್ಚಾಗದ ಸಂಕಲನವನ್ನು ಕೊಳ್ಳಬೇಡಿ. ಮನ್ರೋ ಬೇಕೆಂದರೆ ಜರ್ಮನಿಯ ಬೇರ್ ಫ್ಯಾಮಿಲಿ ಕಂಪನಿಯ ಪೆಟ್ಟಿಗೆಗಳಿವೆ. 1936ರಿಂದ 1949ರವರೆಗೆ ಆರು ಸಿ.ಡಿ., 1950ರಿಂದ 1958ರವರೆಗೆ ನಾಲ್ಕು. ಬೆಲೆ ಹೆಚ್ಚೇ, ಆದರೂ ಕೊಳ್ಳಬಹುದು. ಬ್ಲೂಗ್ರಾಸ್‌ನ ಮತ್ತೊಂದು ಜೋಡಿ ಸ್ಟಾನ್ಲಿ ಸೋದರರು ಕೊಲಂಬಿಯಾ, ಮರ್ಕ್ಯುರಿ, ಕಿಂಗ್ ಹೀಗೆ ಹಲವು ಕಂಪನಿಗಳಿಗೆ ಹಾಡಿದವರು. ಅವುಗಳಲ್ಲಿ ಒಂದೇ ಕಂಪನಿಯ ಹಾಡುಗಳನ್ನು ತುಂಬಿ ‘ಸಮಗ್ರ’ ಎಂದು ಮಾರುವ ಪೆಟ್ಟಿಗೆಗೆ ಪೂರ್ತಿ ಬೆಲೆ ಕೊಡಬೇಕಾಗಿಲ್ಲ.