ಸೀಸೆ ತೆರೆದದ್ದು ಎಷ್ಟು ಗಂಟೆಗೆ?

ಮೊಮ್ಮಗಳಿಗೆ ಸೂಜಿ ಚುಚ್ಚುವ ಮುನ್ನ ಲಸಿಕೆಯ ಸೀಸೆಯನ್ನು ತೋರಿಸಿರೆಂದು ಕೇಳಿದ ಮಾತ್ರಕ್ಕೆ ಬೈಲಹೊಂಗಲ ಸೀಮೆಯ ಹಳ್ಳಿಯೊಂದರ ಅಂಗನವಾಡಿಯಲ್ಲಿ ನಾನು ಹಟಮಾರಿ ಮುದುಕನೆಂಬ ಬಿರುದಿಗೆ ಪಾತ್ರನಾದೆನು. ಅದನ್ನು ಹಿಂದಿರುಗಿಸುವ ಇಚ್ಛೆ ನನಗಿಲ್ಲ.

2022ರ ಜನವರಿಯಲ್ಲಿ ರಾಮದುರ್ಗ ತಾಲೂಕಿನಲ್ಲಿ ದಡಾರ-ರುಬೆಲ್ಲಾ ಲಸಿಕೆ ಪಡೆದ ಮೂರು ಕೂಸುಗಳು ಅಸುನೀಗಿದುದನ್ನೂ, ಲಸಿಕೆಯನ್ನು ಹೋಟೆಲಿನ ಫ್ರಿಜ್ಜಿನಲ್ಲಿ ಇರಿಸಲಾಗಿತ್ತೆಂಬ ಸಂಗತಿ ಪ್ರಾಥಮಿಕ ವಿಚಾರಣೆಯಲ್ಲಿ ಹೊರಬಿದ್ದುದನ್ನೂ ಈ ಭಾಗದವರು ಮರೆಯಲಾರರು. ಪುಡಿಯ ರೂಪದ ಆ ಲಸಿಕೆಗೆ ದ್ರಾವಣ ಬೆರೆಸಿದ ಮೇಲೆ ನಾಲ್ಕು ತಾಸಿನೊಳಗೆ ಬಳಸಿ ಮಿಕ್ಕುದನ್ನು ತ್ಯಜಿಸತಕ್ಕದ್ದೆಂಬುದು ನಿಯಮ. ಏಕೆಂದರೆ ಕೆಡದಂತೆ ಕಾಯುವ ದ್ರವ್ಯವಾವುದೂ ಅದರಲ್ಲಿಲ್ಲವಾಗಿ, ಒಳಹೊಕ್ಕ ರೋಗಾಣು ಅಲ್ಲಿಯೇ ವೃದ್ಧಿಹೊಂದಿ ಪ್ರಾಣಾಂತಿಕವಾದ ವಿಷವನ್ನು ಉತ್ಪಾದಿಸಬಲ್ಲದು.

ಮೊಮ್ಮಗಳೊಡನೆ ನಾವು ಅಂಗನವಾಡಿಗೆ ಹೋದುದು ಮಧ್ಯಾಹ್ನ. ಸೀಸೆ ಆಗಲೇ ತೆರೆದಿತ್ತು, ಅದರ ಮೇಲೆ ವೇಳೆ ಬರೆದಿರಲಿಲ್ಲ. "ಮುಂಜಾನೆ ತಗದೇವ್ರಿ ಅಜ್ಜಾರ, ಏನೂ ಆಗೂದಿಲ್ಲ" ಎಂದಳು ಸಿಸ್ಟರು. ಮುಂಜಾನೆ ಎಂದರೆ ಎಷ್ಟು ಗಂಟೆಗೆ ಎಂದು ಕೇಳಿದೆ, ಉತ್ತರವಿಲ್ಲ. ಮಗಳ ತೊಡೆಯ ಮೇಲೆ ಕೂಸು ಚೀರುತ್ತಿರಲು, ಬಾಗಿಲಲ್ಲಿ ಕಾದ ತಾಯಂದಿರು ಗೊಣಗುತ್ತಿರಲು, ಸೂಜಿ ಆ ಎಳೆಯ ತೋಳಿನ ಸಮೀಪಕ್ಕೆ ಬಂದಾಗ ನಾನು ನನ್ನ ಅಂಗೈಯನ್ನು ನಡುವೆ ಚಾಚಿ ನಿಂತೆನು. "ಸರಕಾರದವರಿಗೆ ತಿಳಿಯೂದಿಲ್ಲೇನ್ರಿ? ನಾಕು ಮಂದ್ಯಾಗ ನಮ್ಮ ಮರ್ಯಾದಿ ತಗೀಬ್ಯಾಡ್ರಿ" ಎಂದು ಗದರಿದರು ಬೀಗರು. ಮಗಳು ತಲೆ ಎತ್ತಲಿಲ್ಲ. ಫೋನಿನಲ್ಲಿ ಸಿಕ್ಕ ಮೇಲಧಿಕಾರಿಯೋ, ನಿಮ್ಮಂಥವರಿಂದಲೇ ಜನ ಲಸಿಕೆಗೆ ಹೆದರುತ್ತಾರೆಂದು ನನಗೇ ಉಪದೇಶಿಸಿದನು. ಜನ ಹೆದರುವುದು ಪ್ರಶ್ನೆಗಲ್ಲ, ಉತ್ತರ ಹೇಳದ ಉದ್ಧಟತನಕ್ಕೆ ಎಂದೆನು. ಕೊನೆಗೆ ಹೊಸ ಸೀಸೆ ತೆರೆಯಲ್ಪಟ್ಟಿತು, ವೇಳೆ ಬರೆಯಲ್ಪಟ್ಟಿತು, ಸರದಿಯಲ್ಲಿದ್ದ ಉಳಿದ ಮಕ್ಕಳಿಗೂ ಅದರಿಂದಲೇ ಲಸಿಕೆಯಾಯಿತು. ಬೀಗರು ಇಂದಿಗೂ ನನ್ನೊಡನೆ ನೆಟ್ಟಗೆ ಮಾತಾಡರು.

ತಂದೆತಾಯಿಗಳು ನೋಡಬೇಕಾದುದು ಸ್ವಲ್ಪವೇ: ತೆರೆಯುವ ಮುನ್ನ ಸೀಸೆಯ ಮೇಲಿನ ಶಾಖಸೂಚಕ ಗುರುತಿನ ಒಳಚೌಕವು ಸುತ್ತಲಿನ ವೃತ್ತಕ್ಕಿಂತ ತಿಳಿಯಾಗಿದೆಯೇ, ತೆರೆದ ವೇಳೆ ಬರೆದಿದೆಯೇ, ಸಿರಿಂಜು ಹೊಸದೇ. ಚುಚ್ಚಿಸಿದ ಮೇಲೆ ಅರ್ಧ ತಾಸು ಅಲ್ಲಿಯೇ ಕೂಡಿರಿ. ತಾಯಿ ಕಾರ್ಡನ್ನು ಜೋಪಾನವಾಗಿಡಿರಿ.

ಲಸಿಕೆಯನ್ನು ಮಾತ್ರ ತಪ್ಪಿಸದಿರಿ. ದಡಾರವು ಇಂದಿಗೂ ಮಕ್ಕಳನ್ನು ಕೊಲ್ಲುವ ರೋಗವೇ. ಸೀಸೆ ತೆರೆದ ವೇಳೆಯನ್ನು ಕೇಳಿರಿ, ಬೀಗರು ಮುನಿದರೆ ಮುನಿಯಲಿ.