ಕಡಲಲ್ಲಿ ಬೋಟು ಎಲ್ಲಿದೆ? ನಾವೂ ತಿಳಿಯೋಣ



ಮನೆಯ ಗಂಡಸರು ಮೀನುಗಾರಿಕೆಗೆ ಹೊರಟಾಗ ನಾವು ಪ್ರಾರ್ಥಿಸುತ್ತೇವೆ. ಜೊತೆಗೆ ಬೋಟು ಇರುವ ಜಾಗವನ್ನು ಓದಲೂ ಕಲಿತರೆ ಆಪತ್ತಿನಲ್ಲಿ ಜೀವ ಉಳಿಯಬಹುದು.

ಜಿಪಿಎಸ್ ಉಪಗ್ರಹಗಳ ಸಂಕೇತದಿಂದ ಅಕ್ಷಾಂಶ, ರೇಖಾಂಶ ಎಂಬ ಎರಡು ಅಂಕಿ ಕೊಡುತ್ತದೆ. ಲ್ಯಾಪ್‌ಟಾಪಿಗೆ ಓಪನ್‌ಸಿಪಿಎನ್ ಎಂಬ ಉಚಿತ ತಂತ್ರಾಂಶ ಮತ್ತು ಸಮುದ್ರ ನಕ್ಷೆ ಹಾಕಿ ಜಿಪಿಎಸ್ ಜೋಡಿಸಿದರೆ ಬೋಟಿನ ಗುರುತು ನಕ್ಷೆಯ ಮೇಲೆ ಕಾಣುತ್ತದೆ. ನೀರಿನ ಭಾಗದಲ್ಲಿರುವ ಅಂಕಿಗಳು ಆಳವನ್ನು ತಿಳಿಸುತ್ತವೆ.

ಉದಾಹರಣೆಗೆ, ಮಲ್ಪೆ ಬಂದರು ಸುಮಾರು 13 ಡಿಗ್ರಿ 21 ಮಿನಿಟು ಉತ್ತರ, 74 ಡಿಗ್ರಿ 42 ಮಿನಿಟು ಪೂರ್ವದಲ್ಲಿದೆ. ನಮ್ಮ ಕಡಲು ಪಶ್ಚಿಮಕ್ಕಿರುವುದರಿಂದ ದೂರ ಹೋದಷ್ಟೂ ರೇಖಾಂಶ ಕಡಿಮೆಯಾಗುತ್ತದೆ. ಬೋಟು ಅದೇ ಅಕ್ಷಾಂಶದಲ್ಲಿ, 74 ಡಿಗ್ರಿ 30 ಮಿನಿಟಿನಲ್ಲಿದೆ ಎನ್ನೋಣ. ಇಲ್ಲಿ ಒಂದು ಮಿನಿಟು ಅಂದರೆ ಸುಮಾರು 1.8 ಕಿ.ಮೀ. ಹಾಗಾದರೆ 12 ಮಿನಿಟಿಗೆ ಸುಮಾರು 22 ಕಿ.ಮೀ.

ಎಚ್ಚರಿಕೆ! "13 ಡಿಗ್ರಿ 20 ಮಿನಿಟು" ಬೇರೆ, "13.20 ಡಿಗ್ರಿ" ಬೇರೆ. ಒಂದು ಡಿಗ್ರಿಗೆ 60 ಮಿನಿಟು. ಆದ್ದರಿಂದ 13.20 ಅಂದರೆ 13 ಡಿಗ್ರಿ 12 ಮಿನಿಟು. ಒಂದರ ಬದಲು ಇನ್ನೊಂದು ಹೇಳಿದರೆ ಹುಡುಕುವವರು ಸುಮಾರು 15 ಕಿ.ಮೀ. ತಪ್ಪಿ ಹೋಗುತ್ತಾರೆ.

ಮನೆಯಲ್ಲಿ ಬರೆದಿಡೋಣ:
1. ಬೋಟಿನ ಹೆಸರು, ನೋಂದಣಿ ಸಂಖ್ಯೆ
2. ಬೋಟಿನಲ್ಲಿ ಎಷ್ಟು ಜನ
3. ಫೋನಿನಲ್ಲಿ ತಿಳಿಸಿದ ಕೊನೆಯ ಅಂಕಿಗಳು, ಸಮಯ
4. ಆಪತ್ತಿಗೆ ಕೋಸ್ಟ್ ಗಾರ್ಡ್‌ನ ಉಚಿತ ದೂರವಾಣಿ: 1554

ಸಂಘದಲ್ಲಿ ಚರ್ಚಿಸಿ: ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಈ ನಾಲ್ಕೂ ಬರೆದಿಟ್ಟಿದ್ದಾರೆ? ಇಲ್ಲದವರಿಗೆ ಈ ವಾರವೇ ಬರೆದುಕೊಡುವವರು ಯಾರು?