ಯಾದಿ ಮೇಲಿಂದ ಬಂದಾಗ

1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಬೆಳಗಾವಿಯನ್ನು ಒಡೆದು ಚಿಕ್ಕೋಡಿ, ಗೋಕಾಕ ಜಿಲ್ಲೆಗಳನ್ನು ಘೋಷಿಸಿತು, ಆಮೇಲೆ ವಿರೋಧ ಬಂದು ಹಿಂದಕ್ಕೆ ಪಡೆಯಿತು. ಅಂದಿನಿಂದ ಜಿಲ್ಲೆಯ ಕೂಗು ನಿಂತಿಲ್ಲ. ಆದರೆ ರಾಜಕೀಯ ಪಕ್ಷಗಳ ಪಾಲಿಗೆ ಚಿಕ್ಕೋಡಿ ಎಂದೋ ಜಿಲ್ಲೆಯಾಗಿದೆ. ಕಾಂಗ್ರೆಸ್ಸಿಗೆ ಚಿಕ್ಕೋಡಿ ಜಿಲ್ಲಾ ಸಮಿತಿ ಬೇರೆ ಇದೆ, ಬಿಜೆಪಿಗೆ ಚಿಕ್ಕೋಡಿ ಸಂಘಟನಾತ್ಮಕ ಜಿಲ್ಲೆ ಬೇರೆ ಇದೆ. ಚಿಕ್ಕೋಡಿ ಹತ್ತಿರದ ಅಂಕಲಿಯ ಕಾರ್ಯಕರ್ತರು ಪಕ್ಷದ ಕೆಲಸಕ್ಕೆ ಬೆಳಗಾವಿಯ ತನಕ ಹೋಗಬೇಕಿಲ್ಲ, ಚಿಕ್ಕೋಡಿಯಲ್ಲೇ ಜಿಲ್ಲಾಧ್ಯಕ್ಷರು ಸಿಗುತ್ತಾರೆ. ಜನರ ಹತ್ತಿರ ಇರಬೇಕೆಂದರೆ ಪಕ್ಷಗಳಿಗೆ ಅದು ಸಾಧ್ಯವಿದೆ ಎಂಬುದಕ್ಕೆ ಇದೇ ಸಾಕ್ಷಿ. ಆ ಹತ್ತಿರ ಎಲ್ಲಿಯವರೆಗೆ ಇಳಿದು ಬರುತ್ತದೆ ಎಂಬುದೇ ನನ್ನ ಪ್ರಶ್ನೆ. ಹಲವು ಚುನಾವಣೆಗಳಲ್ಲಿ ಬೂತ್ ಸಮಿತಿಯಲ್ಲಿ ದುಡಿದವಳಾಗಿ ಬರೆಯುತ್ತಿದ್ದೇನೆ. ನನ್ನ ಪಕ್ಷದ ಹೆಸರು ಹೇಳುವುದಿಲ್ಲ. ಹೇಳಬೇಕಾದ ಮಾತು ಎಲ್ಲ ಪಕ್ಷಗಳಿಗೂ ಸಲ್ಲುತ್ತದೆ.

ನಾನು ಹೊಲಿಗೆ ಕೆಲಸ ಮಾಡುವವಳು. ಒಂದು ಸಂಜೆ ಓಣಿಯ ಹುಡುಗ ಬಂದು, "ಅಕ್ಕಾರ, ನಿಮ್ಮ ಹೆಸರೂ ಬೂತ್ ಕಮಿಟ್ಯಾಗ ಬಂದೈತ್ರಿ" ಅಂದ. ಯಾರು ಕೊಟ್ಟರು ಎಂದು ಕೇಳಿದೆ. "ಯಾದಿ ಮ್ಯಾಲಿಂದ ಬಂದೈತ್ರಿ." ಸಮಿತಿಯಲ್ಲಿ ಹೆಣ್ಣುಮಕ್ಕಳು ಇರಲೇಬೇಕೆಂದು ಸೂಚನೆ ಬಂದಿತ್ತಂತೆ. ಯಾರೋ ನಮ್ಮ ಮನೆಯವರನ್ನು ಕೇಳಿದ್ದಾರೆ, ಅವರು ಆಗಲಿ ಅಂದಿದ್ದಾರೆ. ನನ್ನನ್ನು ಕೇಳಿದವರಿಲ್ಲ. ಮೊದಲ ಸಭೆಗೆ ಕರೆ ಬಂದದ್ದೂ ಅವರ ಫೋನಿಗೇ. ಅವರನ್ನು ಮನೆಯಲ್ಲಿ ಬಿಟ್ಟು ನಾನೇ ಹೋದೆ. ಅಲ್ಲಿ ನನ್ನಂತೆಯೇ ಯಾದಿಗೆ ಸೇರಿದ್ದ ಇನ್ನಿಬ್ಬರು ಹೆಣ್ಣುಮಕ್ಕಳ ಖುರ್ಚಿಯಲ್ಲಿ ಅವರ ಗಂಡಂದಿರು ಕೂತಿದ್ದರು.

ಪಕ್ಷದ ಒಳಗಿನ ಕಟ್ಟಡ ಹೇಗಿರುತ್ತದೆಂದು ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಎಲ್ಲಕ್ಕೂ ಕೆಳಗೆ ಬೂತ್, ಅಂದರೆ ಒಂದು ಮತಗಟ್ಟೆಯ ವ್ಯಾಪ್ತಿ. ಬಿಜೆಪಿಯಲ್ಲಿ ಕೆಲವು ಬೂತ್ ಸೇರಿ ಶಕ್ತಿ ಕೇಂದ್ರ, ಅದರ ಮೇಲೆ ಮಹಾಶಕ್ತಿ ಕೇಂದ್ರ, ಮಂಡಲ, ಜಿಲ್ಲೆ, ರಾಜ್ಯ. ಮತದಾರರ ಯಾದಿಯ ಒಂದೊಂದು ಪುಟಕ್ಕೂ ಒಬ್ಬ ಪೇಜ್ ಪ್ರಮುಖ. ಕಾಂಗ್ರೆಸ್ಸಿನಲ್ಲಿ ಬೂತ್ ಸಮಿತಿ, ಅದರ ಮೇಲೆ ಬ್ಲಾಕ್, ಜಿಲ್ಲಾ ಸಮಿತಿ, ಕೆಪಿಸಿಸಿ, ಎಐಸಿಸಿ. ಜನತಾದಳದವರು ತಾಲ್ಲೂಕು ಘಟಕ ಅನ್ನುತ್ತಾರೆ. ಇವುಗಳ ಜೊತೆಗೆ ಮಹಿಳಾ, ಯುವ, ರೈತ, ಹಿಂದುಳಿದ ವರ್ಗ, ಪರಿಶಿಷ್ಟರು, ಅಲ್ಪಸಂಖ್ಯಾತರು ಎಂದು ಮೋರ್ಚಾಗಳೋ ವಿಭಾಗಗಳೋ. ಪಕ್ಷಗಳ ನಿಯಮಾವಳಿಯಲ್ಲಿ ಸದಸ್ಯತ್ವ ಮಾಡಿಸಿ, ಕೆಳಗಿನಿಂದ ಚುನಾವಣೆ ನಡೆಸುತ್ತ ಮೇಲೆ ಹೋಗಬೇಕೆಂದಿದೆ. ಪಕ್ಷವನ್ನು ಚುನಾವಣಾ ಆಯೋಗದಲ್ಲಿ ನೋಂದಾಯಿಸುವಾಗ ಆ ನಿಯಮಾವಳಿಯನ್ನು ಕೊಡಲೇಬೇಕು, 1951ರ ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಂ ಹಾಗೆ ಹೇಳುತ್ತದೆ. ಊರಲ್ಲಿ ಕಾಣುವುದೇ ಬೇರೆ. ಒಬ್ಬ ವೀಕ್ಷಕರು ಬರುತ್ತಾರೆ, ನಾಲ್ಕು ಜನ ಹಿರಿಯರನ್ನು ಒಬ್ಬೊಬ್ಬರಾಗಿ ಒಳಗೆ ಕರೆದು ಕೇಳುತ್ತಾರೆ, ಹೋಗುತ್ತಾರೆ. ಕೆಲವು ದಿನಕ್ಕೆ ಲೆಟರ್‌ಹೆಡ್ಡಿನ ಮೇಲೆ ಆದೇಶ ಪತ್ರ ಬರುತ್ತದೆ. ಸರ್ವಾನುಮತದ ಆಯ್ಕೆ ಎಂದು ಮರುದಿನ ಪತ್ರಿಕೆಯಲ್ಲಿ ಸುದ್ದಿ.

ಸರ್ವಾನುಮತವನ್ನು ನಾನು ತೆಗಳುವುದಿಲ್ಲ. ಊರಲ್ಲಿ ಮತ ಹಾಕಿಸಿದರೆ ಮನೆ ಮನೆಗೆ ಒಡಕು ಹುಟ್ಟಿ, ಅದು ಪಿಕೆಪಿಎಸ್ ಎಂಬ ಕೃಷಿ ಪತ್ತಿನ ಸಂಘದ ಪ್ಯಾನಲ್ಲಿನಿಂದ ಹಿಡಿದು ಜಾತ್ರೆಯ ಪಂಚರ ತನಕ ಹಬ್ಬುವುದನ್ನು ಕಣ್ಣಾರೆ ಕಂಡವಳು. ಒಮ್ಮತ ಎಲ್ಲಿ ಮೂಡಿತು, ಆಗ ಎದುರಿಗೆ ಯಾರು ಯಾರು ಇದ್ದರು ಎಂಬುದಷ್ಟೇ ನನಗೆ ಮುಖ್ಯ.

ಇದು ನನಗೆ ಗೊತ್ತಾದದ್ದು ಪಕ್ಷದಲ್ಲಲ್ಲ, ಮಗಳ ಶಾಲೆಯಲ್ಲಿ. ಸರ್ಕಾರಿ ಶಾಲೆಗಳ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಗೆ ಪಾಲಕರು ತಮ್ಮೊಳಗಿನಿಂದಲೇ 18 ಜನರನ್ನು ಆರಿಸಬೇಕು, ಅವರಲ್ಲಿ ಅರ್ಧ ಹೆಣ್ಣುಮಕ್ಕಳು. ಡಂಗುರ ಹೊಡೆಸಿ, ಪಾಲಕರನ್ನೆಲ್ಲ ವರಾಂಡದಲ್ಲಿ ಕೂಡಿಸಿ, ಹೆಸರು ಕೂಗಿ, ಎದ್ದು ನಿಂತವರನ್ನು ಎಲ್ಲರೂ ನೋಡಿದ ಮೇಲೆ ಮುಖ್ಯಗುರುಗಳು ಬರೆದುಕೊಂಡರು. "ಇವರ ಮನಿಯವ್ರು ಕಬ್ಬು ಕಡ್ಯಾಕ ಆರ ತಿಂಗಳ ಊರಾಗ ಇರೂದಿಲ್ಲ, ಬ್ಯಾರೆದವ್ರನ್ನ ತಗೋರಿ" ಎಂದು ಹಿಂದಿನಿಂದ ಒಬ್ಬಾಕೆ ಹೇಳಿದಳು. ಆ ಹೆಸರು ಬಿಟ್ಟು ಮತ್ತೊಂದು ಹಿಡಿದರು. ಅಲ್ಲಿಯೂ ಮತ ಹಾಕಲಿಲ್ಲ, ಅಲ್ಲಿಯೂ ಸರ್ವಾನುಮತವೇ. ಆದರೆ ಆಯ್ಕೆಯಾದವರು ಯಾರೆಂದು ಊರಿಗೆ ಗೊತ್ತಿತ್ತು, ತಮ್ಮನ್ನು ಏಕೆ ಆರಿಸಿದರೆಂದು ಅವರಿಗೂ ಗೊತ್ತಿತ್ತು. ನಮ್ಮ ಬೂತ್ ಸಮಿತಿಯಲ್ಲಿ ಈ ಎರಡೂ ಇರಲಿಲ್ಲ.

ಬೂತ್ ಎಂದರೆ ಏಕಿಷ್ಟು ಒತ್ತು ಎಂದು ಕೇಳುವವರಿಗೆ ನಾನು 2014ರ ಲೋಕಸಭಾ ಚುನಾವಣೆಯ ಲೆಕ್ಕ ಹೇಳುತ್ತೇನೆ. ಚಿಕ್ಕೋಡಿಯಲ್ಲಿ ಕಾಂಗ್ರೆಸ್ಸಿನ ಪ್ರಕಾಶ ಹುಕ್ಕೇರಿಯವರು ಬಿಜೆಪಿಯ ರಮೇಶ ಕತ್ತಿಯವರ ವಿರುದ್ಧ ಗೆದ್ದದ್ದು 3,003 ಮತಗಳಿಂದ. ಕ್ಷೇತ್ರದಲ್ಲಿ ನಿಪ್ಪಾಣಿ, ಚಿಕ್ಕೋಡಿ-ಸದಲಗಾ, ಅಥಣಿ, ಕಾಗವಾಡ, ಕುಡಚಿ, ರಾಯಬಾಗ, ಹುಕ್ಕೇರಿ, ಯಮಕನಮರಡಿ ಎಂದು ಎಂಟು ವಿಧಾನಸಭಾ ಕ್ಷೇತ್ರಗಳು. ಒಂದೊಂದರಲ್ಲಿ ಸುಮಾರು ಇನ್ನೂರು ಬೂತ್ ಎಂದು ಹಿಡಿದರೂ ಬೂತಿಗೆ ಬಂದ ಅಂತರ ಎರಡು ಮತವೂ ಆಗುವುದಿಲ್ಲ. ಒಂದೊಂದು ಬೂತಿನಲ್ಲಿ ಇಬ್ಬರು ಸೊಸೆಯರ ಹೆಸರು ಯಾದಿಗೆ ಸೇರುವುದು, ಬಿಡುವುದು ದಿಲ್ಲಿಗೆ ಹೋಗುವವರು ಯಾರೆಂದು ನಿರ್ಧರಿಸಬಲ್ಲದು. ಅದೇ ಕ್ಷೇತ್ರ 2024ರಲ್ಲಿ ಪ್ರಿಯಾಂಕಾ ಜಾರಕಿಹೊಳಿಯವರಿಗೆ ತೊಂಬತ್ತು ಸಾವಿರ ದಾಟಿದ ಅಂತರ ಕೊಟ್ಟಿತು ಎಂಬುದೂ ನಿಜ. ಅಂಥ ಗಾಳಿ ಪ್ರತಿ ಸಲ ಬೀಸುವುದಿಲ್ಲ.

ಸೊಸೆಯ ಮಾತು ಸುಮ್ಮನೆ ಹೇಳಿದ್ದಲ್ಲ. ನಮ್ಮ ಭಾಗದಲ್ಲಿ ಜನ ಊರೊಳಗೆ ಎಷ್ಟಿದ್ದಾರೋ ತೋಟದ ಮನೆಗಳಲ್ಲೂ ಅಷ್ಟೇ ಇದ್ದಾರೆ. ಕೃಷ್ಣೆಯ ನೀರು, ಕಬ್ಬು, ದನಕರು ಎಂದು ಹೊಲದಲ್ಲೇ ಮನೆ ಕಟ್ಟಿಕೊಂಡವರು. ಕಬ್ಬು ಆಳೆತ್ತರ ಬೆಳೆದರೆ ಒಂದು ಮನೆಗೆ ಇನ್ನೊಂದು ಮನೆ ಕಾಣುವುದಿಲ್ಲ. ಇಲ್ಲಿಗೆ ಸೊಸೆಯರು ಮೀರಜ್, ಇಚಲಕರಂಜಿ, ಕಾಗಲ್ ಕಡೆಯಿಂದಲೂ ಬರುತ್ತಾರೆ. ಒಂದು ತೋಟದ ಮನೆಯ ಅಜ್ಜಿ, "ನಮ್ಮ ಸೊಸಿ ಹೆಸರ ಇನ್ನೂ ತವರಮನ್ಯಾಗ ಐತಿ, ತಂಗಿ. ಯಾರೂ ಕೇಳಾಕ ಬಂದಿಲ್ಲ" ಅಂದಳು. ಆ ಸೊಸೆಗೆ ಎರಡು ಮಕ್ಕಳಾಗಿದ್ದವು. ವಿಳಾಸ ಬದಲಿಗೆ ನಮೂನೆ 8, ತೀರಿಕೊಂಡವರ ಹೆಸರು ತೆಗೆಸಲು ನಮೂನೆ 7, ಹದಿನೆಂಟು ತುಂಬಿದವರಿಗೆ ನಮೂನೆ 6. ಆಯೋಗದ ಕಡೆಯಿಂದ ಇದನ್ನು ನೋಡುವವರು ಬಿಎಲ್ಒ, ಪಕ್ಷದ ಕಡೆಯಿಂದ ಅವರ ಜೊತೆ ಇರಬೇಕಾದವರು ಬಿಎಲ್ಎ. ಬೂತ್ ಸಮಿತಿಯ ಜೀವ ಇರುವುದು ಈ ಬಿಎಲ್ಎ ಎಂಬ ಒಬ್ಬರಲ್ಲಿ ಎಂದು ನಾನು ನಂಬಿದ್ದೇನೆ. ಅಧ್ಯಕ್ಷರು ಯಾರೇ ಆಗಲಿ, ಬಿಎಲ್ಎ ಮಾತ್ರ ಮನೆ ಮನೆ ತಿರುಗುವವರಾಗಿರಬೇಕು. ಹೆಚ್ಚಿನ ಕಡೆ ಆ ಹೆಸರನ್ನು ಕೊನೆಗೆ, ಖಾಲಿ ಉಳಿದ ಸಾಲಿನಲ್ಲಿ ತುಂಬುತ್ತಾರೆ.

2019ರ ಆಗಸ್ಟಿನಲ್ಲಿ ಹೊಳೆ ಬಂದಾಗ ಈ ಯಾದಿ ಬೇರೆಯದೇ ಕೆಲಸಕ್ಕೆ ಬಂತು. ಮಾಂಜರಿ, ಇಂಗಳಿ, ಯಡೂರಿನಂಥ ಹೊಳೆದಂಡೆಯ ಊರುಗಳ ಜನ ಮನೆ ಬಿಟ್ಟು ಬರಬೇಕಾಯಿತು. ಯಾವ ತೋಟದಲ್ಲಿ ಯಾರು ಉಳಿದಿದ್ದಾರೆ, ಯಾರ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕರಿದ್ದಾರೆ ಎಂದು ಹೇಳಬಲ್ಲವರು ಬೇಕಿದ್ದರು. ಆಗ ಪುಟ ಹಿಡಿದು ಮನೆ ಮನೆ ತಿರುಗಿದ್ದವರೇ ಮುಂದೆ ನಿಂತರು, ಎರಡೂ ಪಕ್ಷದವರು ಒಂದೇ ಟ್ರ್ಯಾಕ್ಟರಿನಲ್ಲಿ ಹೋದರು. ಯಾದಿಯಲ್ಲಷ್ಟೇ ಹೆಸರಿದ್ದವರಿಗೆ ತಮ್ಮ ಬೂತಿನ ಕೊನೆಯ ಮನೆ ಎಲ್ಲಿದೆ ಎಂಬುದೂ ತಿಳಿದಿರಲಿಲ್ಲ.

ಮೇಲಿಂದ ಬಂದ ಯಾದಿಯ ಇನ್ನೊಂದು ಗುಣವನ್ನು ಅಥಣಿ, ಕಾಗವಾಡದ ಕಡೆಯವರು ನನಗಿಂತ ಚೆನ್ನಾಗಿ ಬಲ್ಲರು. 2018ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದ ಮಹೇಶ ಕುಮಠಳ್ಳಿ, ಶ್ರೀಮಂತ ಪಾಟೀಲರು ಬಿಜೆಪಿಗೆ ಹೋಗಿ 2019ರ ಡಿಸೆಂಬರಿನ ಉಪಚುನಾವಣೆಯಲ್ಲಿ ಗೆದ್ದರು. ಕಾಗವಾಡದಲ್ಲಿ ಬಿಜೆಪಿಯಲ್ಲಿದ್ದ ರಾಜು ಕಾಗೆಯವರು ಕಾಂಗ್ರೆಸ್ಸಿಗೆ ಬಂದು 2023ರಲ್ಲಿ ಗೆದ್ದರು. ಅದೇ ವರ್ಷ ಏಪ್ರಿಲ್‌ನಲ್ಲಿ ಟಿಕೆಟ್ ಸಿಗದ ಲಕ್ಷ್ಮಣ ಸವದಿಯವರು ಬಿಜೆಪಿ ಬಿಟ್ಟು ಕಾಂಗ್ರೆಸ್ ಸೇರಿ, ಅಥಣಿಯಲ್ಲಿ ಭಾರೀ ಅಂತರದಿಂದ ಆರಿಸಿ ಬಂದರು. ಪಕ್ಷ ಬದಲಿಸುವುದು ಅವರವರ ತೀರ್ಮಾನ, ಜನ ಅದಕ್ಕೆ ಮತದಲ್ಲಿ ಉತ್ತರ ಕೊಟ್ಟಿದ್ದಾರೆ. ನಾನು ನೋಡಿದ್ದು ಕೆಳಗೆ ಏನಾಗುತ್ತದೆ ಎಂಬುದನ್ನು. ಸಮಿತಿ ಎಂಬುದು ನಾಯಕರ ಮನೆಯಲ್ಲಿ ಬರೆದ ಹೆಸರುಗಳಾಗಿದ್ದರೆ, ನಾಯಕರು ಎದ್ದು ಹೋದ ದಿನ ಪೂರ್ತಿ ಯಾದಿಯೇ ಎದ್ದು ಹೋಗುತ್ತದೆ. ನಿನ್ನೆಯವರೆಗೆ ಎದುರು ಬದುರು ಏಜೆಂಟರಾಗಿ ಕೂತವರು ಇಂದು ಒಂದೇ ಸಮಿತಿಯಲ್ಲಿ ಅಧ್ಯಕ್ಷ ಸ್ಥಾನಕ್ಕೆ ಜಗ್ಗಾಡುತ್ತಾರೆ. ಹಳಬರು ಮೂಲೆಗೆ, ಬಂದವರು ಮುಂದಕ್ಕೆ, ಇಲ್ಲವೇ ಅದರ ತಿರುವು ಮುರುವು. ನಡುವೆ ನಲುಗುವವರು ಯಾವ ಸಾಹುಕಾರರ ಬೆನ್ನಿಗೂ ಹೋಗದೆ ಪಕ್ಷದ ವಿಚಾರ ನೆಚ್ಚಿಕೊಂಡು ದುಡಿದವರು. ಅಂಥವರು ಪ್ರತಿ ಊರಲ್ಲೂ ಕೆಲವರಾದರೂ ಇದ್ದಾರೆ, ಅವರ ಬಗ್ಗೆ ನನಗೆ ಬಹಳ ಗೌರವ.

ದುಡಿಮೆಯನ್ನೇ ಸದಸ್ಯತ್ವದ ಅಳತೆ ಮಾಡಿದ ಕಾಲವೊಂದು ನಮ್ಮ ಜಿಲ್ಲೆಯಲ್ಲೇ ಇತ್ತು. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ ಭಾಷಾವಾರು ಪ್ರಾಂತ ಸಮಿತಿಗಳನ್ನು ಮಾಡಿಕೊಂಡಿತು, ಸದಸ್ಯತ್ವಕ್ಕೆ ನಾಲ್ಕಾಣೆ ಇಟ್ಟಿತು. ಕರ್ನಾಟಕ ರಾಜ್ಯ ಹುಟ್ಟುವ ಎಷ್ಟೋ ಮೊದಲೇ ಕರ್ನಾಟಕದ ಹೆಸರಿನಲ್ಲಿ ಒಂದು ಸಮಿತಿ ಎದ್ದದ್ದು ಹಾಗೆ. ಅದರ ಮುಂದಾಳಾಗಿದ್ದ ಗಂಗಾಧರರಾವ್ ದೇಶಪಾಂಡೆಯವರು ಬೆಳಗಾವಿ ಹತ್ತಿರದ ಹುದಲಿಯವರು. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನ, ನಾಲ್ಕಾಣೆಯ ಬದಲು ಸದಸ್ಯರು ತಿಂಗಳಿಗೆ 2,000 ಗಜ ನೂಲು ಕೊಡಬೇಕೆಂದು ಒಪ್ಪಿತು. ಅದು ನಡೆಯಲಿಲ್ಲ. ಮರುವರ್ಷವೇ ಸಡಿಲಿಸಿ, ನಾಲ್ಕಾಣೆಯೋ ನೂಲೋ ಎಂದು ಮಾಡಬೇಕಾಯಿತು. ನೂಲನ್ನು ಕೊಂಡು ತಂದು ಕೊಟ್ಟವರೂ ಇದ್ದರು. ಆದರೂ ಸದಸ್ಯನಾದವನು ಪ್ರತಿ ತಿಂಗಳು ಕೈಯಾರೆ ಏನಾದರೂ ಮಾಡಿರಬೇಕು ಎಂಬ ಆ ನಿಯಮದ ಮುಂದೆ ನನಗೆ ಈಗಲೂ ತಲೆಬಾಗಬೇಕೆನಿಸುತ್ತದೆ. ಇಂದು ಮಿಸ್ಡ್ ಕಾಲ್ ಕೊಟ್ಟರೂ ಸದಸ್ಯರಾಗಬಹುದು. ಆ ಅಧಿವೇಶನಕ್ಕೆ ನೂರು ತುಂಬಿದಾಗ, 2024ರ ಡಿಸೆಂಬರಿನಲ್ಲಿ ಕಾಂಗ್ರೆಸ್ಸಿನ ಕಾರ್ಯಕಾರಿ ಸಮಿತಿ ಬೆಳಗಾವಿಯಲ್ಲೇ ಸೇರಿ, ಬೂತಿನಿಂದ ಮೇಲಿನವರೆಗೆ ಸಂಘಟನೆ ಸರಿಪಡಿಸುವ ವರ್ಷ 2025 ಎಂದು ಸಾರಿತು. ಬಿಜೆಪಿಯೂ ಅದೇ ಹೊತ್ತಿನಲ್ಲಿ ಸದಸ್ಯತ್ವ ಅಭಿಯಾನ ಮುಗಿಸಿ ಬೂತ್, ಮಂಡಲಗಳ ಸಾಂಘಿಕ ಚುನಾವಣೆಗೆ ಇಳಿದಿತ್ತು. ಕೆಳಗಿನ ಪಾವಟಿಗೆ ಸಡಿಲಾಗಿದೆ ಎಂಬುದು ಎರಡೂ ಕಡೆಯವರಿಗೆ ಗೊತ್ತು.

ಬ್ಲಾಕ್ ಸಮಿತಿ ಕೇವಲ ಬ್ಯಾನರ್ ಕಟ್ಟುವವರ ಗುಂಪು ಎನ್ನುವವರು 2022ರ ಅಕ್ಟೋಬರ್ ನೆನೆಯಬೇಕು. ಮಲ್ಲಿಕಾರ್ಜುನ ಖರ್ಗೆಯವರು 7,897 ಮತ ಪಡೆದು ಶಶಿ ತರೂರರ 1,072ರ ಎದುರು ಎಐಸಿಸಿ ಅಧ್ಯಕ್ಷರಾದರು. ಮತ ಹಾಕಿದವರು ದೇಶದ ಬ್ಲಾಕ್‌ಗಳ ಹೆಸರಿನಲ್ಲಿ ಪ್ರದೇಶ ಸಮಿತಿಗೆ ಹೋದ ಪ್ರತಿನಿಧಿಗಳು. ಭಾರತ್ ಜೋಡೋ ಯಾತ್ರೆಯಲ್ಲಿದ್ದ ರಾಹುಲ್ ಗಾಂಧಿ ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ ಮತ ಹಾಕಿದ್ದನ್ನು ಟಿವಿಯಲ್ಲಿ ನೋಡಿದೆವು. ನಮ್ಮ ಭಾಗದ ಬ್ಲಾಕ್‌ಗಳಿಂದ ಯಾರು ಪ್ರತಿನಿಧಿ ಎಂದು ನಾನು ಕೇಳಿದ ಎಷ್ಟೋ ಕಾರ್ಯಕರ್ತರಿಗೆ ಗೊತ್ತಿರಲಿಲ್ಲ. ತಾವು ಆರಿಸಿದ್ದರೆ ತಾನೇ ಗೊತ್ತಿರುವುದು.

ಕಾರ್ಯಕರ್ತರು ಏಕೆ ಸೊರಗುತ್ತಿದ್ದಾರೆ ಎಂಬುದಕ್ಕೆ ಇನ್ನೊಂದು ಕಾರಣವೂ ಇದೆ. ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ಬೂತಿನಲ್ಲಿ ದುಡಿದವರು ಪಕ್ಷದ ಬಿ ಫಾರ್ಮ್ ಕೇಳಬಹುದಾದ ಮೊದಲ ಮೆಟ್ಟಿಲು ತಾಲ್ಲೂಕು, ಜಿಲ್ಲಾ ಪಂಚಾಯ್ತಿ. ಅವುಗಳಿಗೆ 2016ರಲ್ಲಿ ಚುನಾವಣೆ ನಡೆದು 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ವರ್ಷಗಳೇ ಉರುಳಿದವು. ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೆ ಇರುವ ಮನೆಗಳು ಅವು. ನಮ್ಮಂಥವರಿಗೆ ಅಲ್ಲಿ ಬಾಗಿಲು ಮುಚ್ಚಿದಾಗ ಉಳಿದದ್ದು ಶಾಸಕರೋ ಮಂತ್ರಿಗಳೋ ಹೆಸರು ಸೂಚಿಸುವ ಆಶ್ರಯ ಸಮಿತಿ, ಬಗರ್ ಹುಕುಂ ಸಮಿತಿ, ಈಚಿನ ಗ್ಯಾರಂಟಿ ಅನುಷ್ಠಾನ ಸಮಿತಿ. ಅಲ್ಲಿಗೂ ದಾರಿ ಅದೇ ನಾಯಕರ ಮನೆಯ ಮೂಲಕ. ಆರಿಸಿ ಬರುವ ದಾರಿ ಮುಚ್ಚಿದಷ್ಟೂ ನೇಮಕವಾಗುವ ದಾರಿಯಲ್ಲಿ ನೂಕುನುಗ್ಗಲು ಹೆಚ್ಚುತ್ತದೆ.

ಕಳೆದ ಸಲ ಸಮಿತಿ ಮಾಡುವಾಗ ಸಭೆಯನ್ನು ಊರೊಳಗಿನ ಯಾರ ಮನೆಯಲ್ಲೂ ಬೇಡ, ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂಡೋಣ ಎಂದು ನಾವು ಕೆಲವರು ಪಟ್ಟು ಹಿಡಿದೆವು. ತೋಟದವರು ಹಾಲು ಹಾಕಿ ಬರುವ ಹೊತ್ತು ನೋಡಿ ಸಮಯ ಇಟ್ಟೆವು. ಮತದಾರರ ಯಾದಿಯನ್ನು ಪುಟ ಪುಟವಾಗಿ ಬಿಡಿಸಿ, ಪ್ರತಿ ಪುಟಕ್ಕೂ ಅದೇ ಪುಟದಲ್ಲಿ ಹೆಸರಿರುವವರೇ ಬೇಕೆಂದೆವು. ಮೇಲಿನಿಂದ ಬಂದಿದ್ದ ಹೆಸರುಗಳನ್ನೂ ಗಟ್ಟಿಯಾಗಿ ಓದಿಸಿದೆವು. ಕೆಲವು ಉಳಿದವು. ಕೆಲವರು ತಾವಾಗಿಯೇ, "ನನಗ ಆಗೂದಿಲ್ರಿ, ಮತದಾನದ ದಿನಾ ಬೆಳಗ್ಗೆ ಐದೂವರಿಗೆ ಅಣಕು ಮತದಾನಕ್ಕ ಬಂದು ಕೂಡ್ರಾಕ" ಎಂದು ಹಿಂದೆ ಸರಿದರು. ಹಾಗೆ ಬಾಯಿ ಬಿಟ್ಟು ಹೇಳಿದ್ದು ಅವರ ದೊಡ್ಡತನ. ಬಿಎಲ್ಎ ಹೆಸರನ್ನು ಈ ಸಲ ಮೊದಲು ಬರೆದೆವು. ಆಕೆ ತೋಟದ ಮನೆಯವಳು, ಕನ್ನಡ ಮರಾಠಿ ಎರಡೂ ಓದುತ್ತಾಳೆ, ಸ್ಕೂಟಿ ಓಡಿಸುತ್ತಾಳೆ. ಪತ್ರದಲ್ಲಿ ಆಕೆಯ ಹೆಸರಿನ ಮುಂದೆ ಗಂಡನ ಫೋನ್ ನಂಬರ್ ಬರೆಯಲು ಹೋದ ಹುಡುಗನ ಕೈಯಿಂದ ಪೆನ್ನು ಇಸಿದುಕೊಂಡು ಆಕೆಯೇ ತನ್ನ ನಂಬರ್ ಬರೆದಳು. ಆ ಯಾದಿಯನ್ನು ನಾವು ಚಿಕ್ಕೋಡಿಗೆ ಕಳಿಸಿದೆವು.